ಬೇಸ್ ಗಿಟಾರಿಗೊಂದು ಭರೋಸದ ಮಷೀನು

ನಮ್ಮ ಮನೆಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಪಡಸಾಲೆಯಲ್ಲಿ ಕೂರುವುದಕ್ಕಿಂತ ಮೊದಲು ಹೆಬ್ಬೆರಳು ಹಿಡಿದುಕೊಂಡು ಒಂದು ಸುತ್ತು ಕುಣಿಯುತ್ತಾರೆ. ಬಾಗಿಲಿಗೆ ಆನಿಸಿ ಇಟ್ಟಿರುವ ಕಬ್ಬಿಣದ ಗಟ್ಟಿಯೊಂದು ಅದಕ್ಕೆ ಕಾರಣ. ಸಿಂಧನೂರಿನ ಗಾಳಿಗೆ ಬಾಗಿಲು ಬಡಿಯಬಾರದೆಂದು ನನ್ನ ಹೆಂಡತಿ ಅದನ್ನು ಅಲ್ಲಿಟ್ಟಿದ್ದಾಳೆ. ಮೊನ್ನೆ ಎಡವಿದವರು ವಿಮೆ ಮಾಡಿಸಲು ಬಂದ ಏಜೆಂಟರು. ನೋವು ಸ್ವಲ್ಪ ಇಳಿದ ಮೇಲೆ, "ಏನ್ರೀ ಇದು, ತೂಕದ ಕಲ್ಲೇನು?" ಎಂದು ಕೇಳಿದರು. "ಅಲ್ಲರೀ, ಟ್ರಾನ್ಸ್‌ಫಾರ್ಮರ್. ಒಂದು ಕಾಲಕ್ಕೆ ನನ್ನ ಬೇಸ್ ಗಿಟಾರಿನ ಆಂಪ್ಲಿಫೈಯರಿನ ಹೊಟ್ಟ್ಯಾಗ ಇತ್ತು" ಎಂದೆ. ಅವರು ನನ್ನ ಬೊಕ್ಕತಲೆಯನ್ನೂ ಎತ್ತಿ ಕಟ್ಟಿದ ಲುಂಗಿಯನ್ನೂ ಒಮ್ಮೆ ನೋಡಿ ವಿಮೆಯ ಮಾತನ್ನೇ ಮುಂದುವರಿಸಿದರು. ಅವರು ನಂಬಲಿಲ್ಲ ಅಂತ ಕಾಣುತ್ತದೆ. ನೀವಾದರೂ ನಂಬಿ.

ಎಂಬತ್ತರ ದಶಕದಲ್ಲಿ ನಾನು ಸಿಂಧನೂರಿನ ನೀರಾವರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮನೆ ಮಸ್ಕಿಯಲ್ಲಿತ್ತು, ಅಲ್ಲಿ ನಾನು ಮತ್ತು ಅವ್ವ ಇಬ್ಬರೇ. ಹಗಲು ಕಾಲುವೆಯ ಕಡತ ಬರೆದು, ರಜೆಯ ದಿನ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ನುಡಿಸಲು ಹೋಗುತ್ತಿದ್ದೆ. ನಮ್ಮ ತಂಡದ ಹೆಸರು 'ಎಡದಂಡೆ ಮೆಲೊಡೀಸ್'. ನಮ್ಮಲ್ಲಿ ಹೆಚ್ಚಿನವರು ಎಡದಂಡೆ ಕಾಲುವೆಯ ಅನ್ನ ಉಂಡವರೇ ಆದ್ದರಿಂದ ಆ ಹೆಸರು. ಬೇರೆ ಊರಿನವರು ಇದೇನು ಹಾಡುವವರ ತಂಡವೋ ನೀರು ಬಿಡುವವರ ಸಂಘವೋ ಎಂದು ಕೇಳುತ್ತಿದ್ದರು. ತಂಡ ಕಟ್ಟಿದವರು ವೀರಭದ್ರಪ್ಪ ಮಾಸ್ತರು. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು, ವೇದಿಕೆಯ ಮೇಲೆ ಅಕಾರ್ಡಿಯನ್ ನುಡಿಸುತ್ತಿದ್ದರು, ಎರಡೂ ಕಡೆ ಅವರ ಕಣ್ಣಿಗೆ ತಪ್ಪು ಮಾತ್ರ ಬೀಳುತ್ತಿತ್ತು.

ಸಂಗೀತದ ಮೇಲಿನ ಪ್ರೀತಿಯಿಂದ ಬೇಸ್ ಗಿಟಾರ್ ಕಲಿತೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಖರೆ ಸಂಗತಿ ಏನೆಂದರೆ ಅದಕ್ಕೆ ನಾಲ್ಕೇ ತಂತಿ. ಹಟ್ಟಿಯ ಗಣಿಯಲ್ಲಿ ಕೆಲಸ ಮುಗಿಸಿ ತಮ್ಮ ಊರಿಗೆ ಹೊರಟವರೊಬ್ಬರು ಎರಡು ಗಿಟಾರುಗಳನ್ನು ಮಾರಲು ಇಟ್ಟಿದ್ದರು. ಒಂದಕ್ಕೆ ಆರು ತಂತಿ, ಇನ್ನೊಂದಕ್ಕೆ ನಾಲ್ಕು. ಎರಡು ತಂತಿಯ ಕಷ್ಟ ಉಳಿಯಿತಲ್ಲ ಎಂದು ಸಂತೋಷದಿಂದ ನಾಲ್ಕರದ್ದನ್ನು ಹೊತ್ತು ತಂದೆ. ತಂತಿ ಕಡಿಮೆಯಾದಷ್ಟೂ ಕೇಳುವವರೂ ಕಡಿಮೆ ಎಂಬುದು ಆಮೇಲೆ ತಿಳಿಯಿತು.

ಹಾಡುಗಾರ ಹಾಡಿದರೆ ಜನ ಹಾಡುಗಾರನನ್ನು ನೋಡುತ್ತಾರೆ. ಢೋಲಕ್ ಬಾರಿಸಿದರೆ ಕೈಯನ್ನು ನೋಡುತ್ತಾರೆ. ಬೇಸ್ ಗಿಟಾರಿನವನನ್ನು ಮಾತ್ರ, ಈತ ಯಾರನ್ನೋ ಕಾಯುತ್ತ ನಿಂತಿದ್ದಾನೆ ಎಂಬಂತೆ ನೋಡುತ್ತಾರೆ. ಮಸ್ಕಿಯಲ್ಲಿ ನಮ್ಮ ಮೊದಲ ಕಾರ್ಯಕ್ರಮ ಆದಾಗ ಅವ್ವ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಮನೆಗೆ ಬಂದ ಮೇಲೆ ಊಟಕ್ಕೆ ಬಡಿಸುತ್ತ ಅವಳು ಬೇಸರದಿಂದ ಹೇಳಿದಳು:

"ಎಲ್ಲಾರೂ ಏನೇನೋ ಬಾರಸಾಕತ್ತಿದ್ರು. ನೀ ಒಬ್ಬನ ಸುಮ್ನ ನಿಂತಿದ್ದಿ ನೋಡು. ಬರೇ ಕೈ ಆಡಸಾಕತ್ತಿದ್ದಿ."

"ಅವ್ವಾ, ಢುಂ ಢುಂ ಅಂತ ದಪ್ಪ ಸಪ್ಪಳ ಬರ್ತಿತ್ತಲ್ಲ, ಅದು ನಂದು."

"ಅದು ಢೋಲಿನಾವಂದು. ಹಡದ ತಾಯಿ ಮುಂದ ಸುಳ್ಳ ಹೇಳಬ್ಯಾಡ, ರೊಟ್ಟಿ ತಿನ್ನು."

ಅಂದಿನಿಂದ ಓಣಿಯಲ್ಲಿ ಯಾರಾದರೂ ನಿಮ್ಮ ಮಗ ಆರ್ಕೆಸ್ಟ್ರಾದಾಗ ಏನು ಮಾಡ್ತಾನ ಎಂದು ಕೇಳಿದರೆ, ಅವಳು "ಸಾಮಾನ ಹೊರಾಕ ಹೋಗ್ತಾನ" ಎನ್ನುತ್ತಿದ್ದಳು. ಅದರಲ್ಲಿ ಅರ್ಧ ಸತ್ಯವಿದ್ದುದರಿಂದ ನನಗೆ ಇನ್ನೂ ಹೆಚ್ಚು ನೋವಾಗುತ್ತಿತ್ತು.

ಅವಳದ್ದು ತಪ್ಪಲ್ಲ ಬಿಡಿ. ಆಗ ನನಗೆ ಸ್ವಂತ ಆಂಪ್ಲಿಫೈಯರ್ ಇರಲಿಲ್ಲ. ಮಸ್ಕಿಯ ಬಸ್‌ಸ್ಟ್ಯಾಂಡಿನ ಪಕ್ಕ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಖಾಸೀಂ ಚಾಚಾರ ಮಷೀನಿಗೇ ಎಲ್ಲರ ವೈರುಗಳೂ ಹೋಗುತ್ತಿದ್ದವು. ನನ್ನ ಸದ್ದು ಏರಿದರೆ ಹಾಡುಗಾರ್ತಿಯ ಧ್ವನಿ ಒಡೆಯುತ್ತದೆಂದು ಮಾಸ್ತರು ಕಣ್ಸನ್ನೆ ಮಾಡುತ್ತಿದ್ದರು, ಚಾಚಾ ನನ್ನ ಗುಂಡಿಯನ್ನು ಇಳಿಸುತ್ತಿದ್ದರು. ಒಂದಿಡೀ ವರ್ಷ ನನ್ನ ವೈರನ್ನು ಯಾವುದಕ್ಕೂ ಜೋಡಿಸಿಯೇ ಇರಲಿಲ್ಲ ಎಂಬ ಗುಮಾನಿ ನನಗೆ ಇವತ್ತಿಗೂ ಇದೆ. ಚಾಚಾರನ್ನು ಕೇಳಿದಾಗಲೆಲ್ಲ ಅವರು ಚಹಾ ತರಿಸುತ್ತಿದ್ದರು.

ಕೊನೆಗೆ ನಾನೇ ಒಂದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತಂದೆ. ಹೊಳೆಯುವ ಮುಖ, ಕೆಂಪು ದೀಪ, ಕಂಕುಳಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಮೊದಲ ಪ್ರಯೋಗ ದಢೇಸುಗೂರಿನ ಒಂದು ಮದುವೆಯಲ್ಲಿ, ಹಗಲು ಹನ್ನೆರಡಕ್ಕೆ. ಹಂದರದ ಹಿಂದೆಯೇ ಅಕ್ಕಿ ಗಿರಣಿ. ಗಿರಣಿ ನಡೆಯುವಾಗ ಅಲ್ಲಿಯ ಬಲ್ಬುಗಳು ಹಣತೆಯಷ್ಟು ಬೆಳಕು ಕೊಡುತ್ತಿದ್ದವು. ನಾವು ಎರಡನೇ ಹಾಡು ಶುರು ಮಾಡಿದ ಗಳಿಗೆಗೇ ಗಿರಣಿಯವರು ಊಟಕ್ಕೆಂದು ಮೋಟಾರು ಬಂದ್ ಮಾಡಿದರು. ಕರೆಂಟು ಒಮ್ಮೆಲೇ ಏರಿತು. ನನ್ನ ಹೊಸ ಮಷೀನು 'ಟಪ್' ಎಂದು ಒಂದು ಸದ್ದು ಮಾಡಿ ಸಣ್ಣಗೆ ಹೊಗೆ ಬಿಟ್ಟಿತು. ಅದು ಹೊರಡಿಸಿದ ಸದ್ದುಗಳಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ.

ಮಾಸ್ತರು ವಾಪಸು ಬರುವಾಗ ಟೆಂಪೋದಲ್ಲಿ ನನ್ನ ಪಕ್ಕ ಕುಳಿತರು. ಅವರು ಸಿಟ್ಟಾದರೆ ಧ್ವನಿ ಏರಿಸುವವರಲ್ಲ, ಇಳಿಸುವವರು.

"ನೋಡಪಾ ಶರಣಪ್ಪ, ನಮ್ಮ ಮಸ್ಕಿ ಸಾಲಿ ಹೆಡ್‌ಮಾಸ್ತರರು ರಿಟೈರ್ ಆಗ್ತಾರ. ಅವರ ಬೀಳ್ಕೊಡುಗಿಗೆ ನಮ್ಮ ಪ್ರೋಗ್ರಾಂ ಐತಿ. ಇನ್ನ ಮೂರು ತಿಂಗಳು ಟೈಮ್ ಐತಿ. ಅಷ್ಟರೊಳಗ ಒಂದು ಭರೋಸದ ಮಷೀನ್ ತಂದಿ, ನಿನ್ನ ಬಾರಿಸೂದು ನಾಕ ಮಂದಿಗೆ ಕೇಳಿಸ್ತು ಅಂದ್ರ ಬೇಸ್ ಇರ್ತೈತಿ. ಇಲ್ಲಾಂದ್ರ ಗಿಟಾರ್ ಮೂಲ್ಯಾಗ ಇಟ್ಟು ಗಿಲಕಿ ಹಿಡಿ."

ಗಿಲಕಿ ಎಂದರೆ ಕೂಸುಗಳ ಆಟಿಕೆಯಂತೆ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುವ ವಾದ್ಯ. ಮೀಸೆ ಬಂದ ಗುಮಾಸ್ತ, ಅವ್ವ ಮುಂದಿನ ಸಾಲಿನಲ್ಲಿ ಕುಳಿತಿರುವಾಗ, ವೇದಿಕೆಯ ಮೇಲೆ ಗಿಲಕಿ ಆಡಿಸುವುದನ್ನು ನೆನೆದು ಆ ದಿನ ನನಗೆ ಅನ್ನ ಇಳಿಯಲಿಲ್ಲ. ನಕ್ಕುಬಿಡಬೇಡಿ, ನನಗೆ ಅದು ಮಾನದ ಪ್ರಶ್ನೆಯಾಗಿತ್ತು.

ಮರುದಿನವೇ ಸತ್ತ ಮಷೀನನ್ನು ಚೀಲದಲ್ಲಿ ಹಾಕಿಕೊಂಡು ಖಾಸೀಂ ಚಾಚಾರ ಅಂಗಡಿಗೆ ಹೋದೆ. ಅವರು ಮುಚ್ಚಳ ತೆಗೆದು ನೋಡಿ, ತಲೆ ಅಲ್ಲಾಡಿಸಿ ಮತ್ತೆ ಮುಚ್ಚಿದರು.

"ಟ್ರಾನ್ಸಿಸ್ಟರ್ ಹಿಂಗ ತಮ್ಮಾ. ಸಾಯೂ ಮುಂಚೆ ಒಂದು ಮಾತ ಹೇಳಂಗಿಲ್ಲ. ವಾಲು ಹಂಗಲ್ಲ. ಕರೆಂಟ್ ಕಮ್ಮಿ ಆದ್ರ ಮಂಕ ಆಗ್ತೈತಿ, ಜಾಸ್ತಿ ಆದ್ರ ಕೆಂಪಾಗ್ತೈತಿ, ಕೆಮ್ತೈತಿ, ನಾಕ ದಿನ ನರಳ್ತೈತಿ. ಹೇಳಿ ಕೇಳಿ ಹೋಗ್ತೈತಿ. ನಮ್ಮ ಕಡೆ ಕರೆಂಟಿಗೆ ವಾಲಿನ ಮಷೀನ್‌ನ ಬರಾಬರಿ."

ವಾಲು ಎಂದರೆ ವಾಲ್ವ್. ಹಳೇ ರೇಡಿಯೋಗಳ ಹಿಂದೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳನ್ನು ನೀವೂ ನೋಡಿರುತ್ತೀರಿ. ಆ ಕಾಲಕ್ಕೆ ಅವು ಆಗಲೇ ಮೂಲೆ ಸೇರುತ್ತಿದ್ದವು. ಹಾಗಾಗಿ ಹೊಸದನ್ನು ಕೊಳ್ಳುವ ಮಾತಿರಲಿಲ್ಲ, ಯಾರದ್ದಾದರೂ ಹಳೆಯದನ್ನೇ ಹುಡುಕಬೇಕಿತ್ತು. ಚಾಚಾ ನನಗೆ ಒಂದು ವಾರ ಪಾಠ ಮಾಡಿದರು. ಬುರುಡೆಯ ನೆತ್ತಿಯ ಮೇಲೆ ಕನ್ನಡಿಯಂಥ ಬೆಳ್ಳಿ ಬಣ್ಣ ಇರುತ್ತದಂತೆ, ಅದು ಸುಣ್ಣದ ಹಾಗೆ ಬಿಳುಚಿತೆಂದರೆ ಒಳಗೆ ಗಾಳಿ ಹೊಕ್ಕಿದೆ, ಕೈ ಬಿಡು. ಪೆನ್ಸಿಲಿನಿಂದ ಮೆತ್ತಗೆ ತಟ್ಟು, ಸ್ಪೀಕರಿನಲ್ಲಿ ಗಂಟೆ ಬಾರಿಸಿದಂತಾದರೆ ಅದನ್ನೂ ಬಿಡು. ಟ್ರಾನ್ಸ್‌ಫಾರ್ಮರನ್ನು ಮೂಸಿ ನೋಡು, ಸೀದ ವಾಸನೆ ಬಂದರೆ ಮಾತೇ ಬೇಡ, ಮನೆಗೆ ಬಾ. ನಾನು ಕಚೇರಿಯಲ್ಲಿ ಕೂತು ಮೇಜಿನ ಮೇಲಿನ ಪ್ರತಿಯೊಂದನ್ನೂ ಪೆನ್ಸಿಲಿನಿಂದ ತಟ್ಟತೊಡಗಿದೆ. ನಮ್ಮ ಸಾಹೇಬರು ಎರಡು ದಿನ ರಜೆ ತಗೋ ಎಂದರು, ಅದೂ ಅನುಕೂಲವೇ ಆಯಿತು.

ಮೊದಲು ಹೋದದ್ದು ಹಟ್ಟಿಗೆ. ಆ ದಿನ ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ತೊಡುವುದನ್ನು ನೋಡಿ ಅವ್ವ ಎಲ್ಲಿಗೆ ಎಂದು ಕೇಳಿದಳು. ಹೇಳಿದೆ. "ಗುರುಗುಂಟಾದಾಗ ಕನ್ಯಾ ಐತಿ, ಬಾ ನೋಡಿ ಬರೂನು ಅಂದ್ರ ಟೈಮಿಲ್ಲ ಅಂತಿ. ಮಷೀನ್ ನೋಡಾಕ ಅದ ದಾರಿ ಹಿಡದು ಹಟ್ಟಿತನ ಹೋಗ್ತಿ" ಎಂದಳು. ನಾನು ಚಾಚಾರ ಹಿಂದೆ ಬೇಗ ಬೇಗ ಬಸ್ ಹತ್ತಿದೆ.

ಹಟ್ಟಿಯಲ್ಲಿ ಗಣಿಯ ಫೋರ್‌ಮನ್ ಆಗಿದ್ದ ಹಿರಿಯರೊಬ್ಬರ ಮನೆಯಲ್ಲಿ ಮಷೀನು ಇತ್ತು. ಎಂಥ ಚೆಲುವು ಅಂತೀರಿ. ಸಾಗವಾನಿ ಪೆಟ್ಟಿಗೆ, ಹಿತ್ತಾಳೆ ಗುಂಡಿ, ಮೇಲೆ ಕೈಯಿಂದ ಹೆಣೆದ ಬಿಳಿ ಮುಸುಕು. ಫೋರ್‌ಮನ್ನರು ಮುಸುಕು ತೆಗೆಯುವ ಮೊದಲು ನನ್ನನ್ನು ವಿಚಾರಿಸಿಕೊಂಡರು. ಯಾವ ಕಚೇರಿ, ಪಕ್ಕಾ ನೌಕರಿಯೋ ಇಲ್ಲವೋ, ಮನೆ ಸ್ವಂತದ್ದೋ, ಮಳೆಗಾಲದಲ್ಲಿ ಸೋರುತ್ತದೆಯೋ. ನಾನು ಎಲ್ಲಕ್ಕೂ ತಲೆ ತಗ್ಗಿಸಿ ಉತ್ತರ ಕೊಟ್ಟೆ. "ಕುಡಿತೀರೇನು?" ಎಂದು ಕೇಳಿದರು. "ಇಲ್ಲರೀ" ಎಂದೆ. "ಮತ್ತ ಗಿಟಾರ್ ಹೆಂಗ ಬಾರಸ್ತೀರಿ?" ಎಂದು ಅವರು ನಿಜವಾಗಿ ಅನುಮಾನಪಟ್ಟರು.

ಅದರ ಧ್ವನಿ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಚಾಚಾ ಹಿಂದಿನಿಂದ ಬಗ್ಗಿ ನೋಡಿ, ಬುರುಡೆಗಳ ಮೇಲಿನ ಅಕ್ಷರ ಓದಿ, ನನ್ನನ್ನು ಅಂಗಳಕ್ಕೆ ಕರೆದರು. "ಭಾಳ ಚಂದ ಐತಿ. ಆದ್ರ ಇದು ವಿಲಾಯತಿ ವಾಲು. ಇದು ಸತ್ತರ ರಾಯಚೂರಾಗೂ ಸಿಗಂಗಿಲ್ಲ, ಹೈದರಾಬಾದದಾಗೂ ಸಿಗಂಗಿಲ್ಲ. ಭರೋಸ ಅಂದ್ರ ಕೆಡಂಗಿಲ್ಲ ಅಂತ ಅಲ್ಲ ತಮ್ಮಾ. ಕೆಟ್ಟರ ನಮ್ಮೂರಾಗ ರಿಪೇರಿ ಆಗಬೇಕು" ಎಂದರು. ಲಿಂಗಸುಗೂರು ಬರುವವರೆಗೂ ನಾನು ಬಸ್ಸಿನ ಕಿಟಕಿಯಿಂದ ಹಟ್ಟಿಯ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದೆ.

ಎರಡನೆಯದು ಸಿಂಧನೂರಿನ ಆಚೆ ಕಾಲುವೆ ದಂಡೆಯ ಒಂದು ಕ್ಯಾಂಪಿನಲ್ಲಿ. ಆಂಧ್ರದಿಂದ ಬಂದು ಭತ್ತ ಬೆಳೆಯುತ್ತಿದ್ದ ಸುಬ್ಬರಾವ್ ಅವರ ಭಜನಾ ಮಂದಿರದ ಮಷೀನು ಅದು. ಅದಕ್ಕೆ ಹೊಸದು ಬರಲಿದೆ, ಹಳೆಯದನ್ನು ಕೊಡುತ್ತಾರೆ ಎಂದು ಕೇಳಿದ್ದೆವು. ಸುಬ್ಬರಾವ್ ನಮಗೆ ಮಜ್ಜಿಗೆ ಕೊಟ್ಟು ಸ್ವಿಚ್ ಒತ್ತಿದರು. ವಾಲ್ವುಗಳು ಕಾಯಲು ಒಂದೆರಡು ನಿಮಿಷ ಬೇಕು. ಕಾದ ಮೇಲೆ 'ಹೂಂ...' ಎಂಬ ಸದ್ದು ಎದ್ದಿತು. ಗಿಟಾರ್ ಇನ್ನೂ ಚೀಲದಲ್ಲೇ ಇತ್ತು. ಇನ್ನೊಂದು ನಿಮಿಷಕ್ಕೆ ಆ ಹೂಂಕಾರ ಮಂದಿರವನ್ನೆಲ್ಲ ತುಂಬಿತು.

"ಇದರ ಕಂಡೆನ್ಸರ್ ಹೋಗ್ಯಾವ್ರೀ ರಾವ್ ಸಾಬ್ರ. ಎರಡು ಹಾಕಿದ್ರ ಈ ಸಪ್ಪಳ ಬಂದ್ ಆಗ್ತೈತಿ. ನಾವ ಹಾಕ್ಕೋತೀವಿ, ಕೊಡ್ರಿ" ಎಂದರು ಚಾಚಾ.

ಸುಬ್ಬರಾವ್ ಗಾಬರಿಯಾದರು. "ಅಯ್ಯೋ ಬಾಬು, ವದ್ದು, ಬೇಡ. ಆ ಸೌಂಡಿನ ಮ್ಯಾಗೇನೆ ನಮ್ಮೋರು ಭಜನೆ ಹಾಡೋದು. ಶ್ರುತಿ ಪೆಟ್ಟಿಗಿ ಕೆಟ್ಟು ಮೂರು ಸಂವತ್ಸರಂ ಆಯ್ತು. ಇದು ಕೊಟ್ಟುಬಿಟ್ರೆ ಮೇಮು ಏನು ಹಿಡ್ಕೊಂಡು ಹಾಡ್ಬೇಕು?" ಎಂದರು. ಹೊಸ ಮಷೀನಿನಲ್ಲಿ ಹೂಂಕಾರ ಇರುವುದಿಲ್ಲ ಎಂಬ ವಿಚಾರ ಅವರಿಗೆ ಆಗಲೇ ಹೊಳೆದದ್ದು. ನಮ್ಮೆದುರೇ ಹೊಸದನ್ನು ತರಿಸುವ ವಿಚಾರವನ್ನೂ ಕೈಬಿಟ್ಟು, ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು. ಆ ಮಷೀನಿನ ಶ್ರುತಿ ಹಾರ್ಮೋನಿಯಮ್ಮಿನ ಬಿಳಿ ಐದು ಎಂದು ಚಾಚಾ ದಾರಿಯಲ್ಲಿ ಲೆಕ್ಕ ಹಾಕುತ್ತಿದ್ದರು.

ಹೀಗೆ ಎರಡು ತಿಂಗಳು ಕಳೆದವು. ಮಾಸ್ತರು ಒಂದು ದಿನ ತಾಲೀಮಿಗೆ ಬರುವಾಗ ಜೋಡಿ ಗಿಲಕಿಗಳನ್ನು ತಂದು ಯಾರಿಗೂ ಏನೂ ಹೇಳದೆ ಕಿಟಕಿಯ ಮೇಲಿಟ್ಟರು. ನಾನು ಅವುಗಳ ಕಡೆ ಬೆನ್ನು ಮಾಡಿ ಕೂತೆ.

ಮೂರನೆಯದು ಲಿಂಗಸುಗೂರಿನಲ್ಲಿ ಸಿಕ್ಕಿತು. ಊರ ಹೊರಗೆ ಒಂದು ಟೆಂಟ್ ಟಾಕೀಸು ಇತ್ತು. ವಿಡಿಯೋ ಬಂದ ಮೇಲೆ ಜನ ಕಡಿಮೆಯಾಗಿ ಅದು ಮುಚ್ಚಿತ್ತು. ಅಲ್ಲಿಯ ಆಪರೇಟರ್ ಶಾಂತಪ್ಪ ಮಾತ್ರ ದಿನಾ ಬಂದು ಬೀಗ ತೆಗೆದು, ಒಳಗೆ ಒಂದು ಗಂಟೆ ಕೂತು, ಬೀಗ ಹಾಕಿಕೊಂಡು ಹೋಗುತ್ತಿದ್ದ. ಅವನು ತೋರಿಸಿದ ಮಷೀನು ಕುರೂಪಕ್ಕೆ ಇನ್ನೊಂದು ಹೆಸರು. ಕಬ್ಬಿಣದ ಪೆಟ್ಟಿಗೆ, ಬಣ್ಣ ಹೋಗಿದೆ, ಮೇಲೆಲ್ಲ ಬೀಡಿ ಸುಟ್ಟ ಗುರುತು. ಮುಚ್ಚಳ ತೆಗೆದರೆ ಒಳಗಿಂದ ಒಂದು ಹಲ್ಲಿ ಸಿಟ್ಟಿನಿಂದ ನಮ್ಮನ್ನು ನೋಡಿತು.

"ಅದು ಇರಲಿ ಬಿಡ್ರಿ" ಎಂದ ಶಾಂತಪ್ಪ. "ಛಳಿಗಾಲದಾಗ ಬೆಚ್ಚಗಿರ್ತೈತಿ ಅಂತ ಬರ್ತೈತಿ. ಯಾರಿಗೂ ಏನೂ ಮಾಡಂಗಿಲ್ಲ."

ಚಾಚಾ ನೆತ್ತಿಯ ಬೆಳ್ಳಿ ನೋಡಿದರು, ತಟ್ಟಿದರು, ಮೂಸಿದರು. ವಾಲ್ವುಗಳು ಸಿಂಧನೂರಿನ ರೇಡಿಯೋ ಅಂಗಡಿಯಲ್ಲಿ ದಿನಾ ಸಿಗುವಂಥವು. ಶಾಂತಪ್ಪ ನಾವು ಕೇಳದಿದ್ದರೂ ಪೆಟ್ಟಿಗೆಗೆ ಒಂದು ಒದೆ ಕೊಟ್ಟು ತೋರಿಸಿದ. ಅದು ಅಲುಗಲಿಲ್ಲ, ಗೊರಗುಟ್ಟಲಿಲ್ಲ. "ಕರೆಂಟ್ ಅರ್ಧಕ್ಕ ಬಂದ್ರೂ ಇದು ಹಾಡು ನಿಲ್ಲಿಸಿಲ್ರೀ. ಪಿಚ್ಚರ್ ನಿಂತೈತಿ, ಪಂಖ ನಿಂತಾವ, ಮಂದಿ ಎದ್ದು ಹೋಗ್ಯಾರ. ಇದು ನಿಂತಿಲ್ಲ" ಎಂದು ಹೇಳಿ ಅಂಗೈಯಿಂದ ಪೆಟ್ಟಿಗೆಯ ಧೂಳು ಒರೆಸಿದ. ಅವನ ಮುಖ ನೋಡಿ ನನಗೆ ಒಂದು ಗಳಿಗೆ ಇದನ್ನು ಒಯ್ಯುವುದು ತಪ್ಪೇನೋ ಅನ್ನಿಸಿತು. ಚಾಚಾ ಮಾತ್ರ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು: "ಪಸಂದ್."

ಈಗ ನನ್ನ ಜಾಣತನದ ಸುದ್ದಿ ಕೇಳಿ. ಎರಡೂವರೆ ತಿಂಗಳು ಊರೂರು ಅಲೆದು, ಮೂಸಿ, ತಟ್ಟಿ, ಲೋಕದಲ್ಲೇ ಗಟ್ಟಿಯಾದ ಮಷೀನನ್ನು ಆರಿಸಿದ ನಾವಿಬ್ಬರೂ ಅದನ್ನು ಮಸ್ಕಿಗೆ ತಂದು ಚಾಚಾರ ಅಂಗಡಿಯ ಮಾಳಿಗೆ ಮೇಲಿನ ತುತ್ತೂರಿಯಂಥ ಹಾರ್ನಿಗೆ ಜೋಡಿಸಿದೆವು. ಮೈಕ್‌ಸೆಟ್ ಎಂದ ಮೇಲೆ ಹಾರ್ನ್ ತಾನೇ. ಇಬ್ಬರಿಗೂ ಬೇರೇನೂ ಹೊಳೆಯಲಿಲ್ಲ. ನಾನು ಅತಿ ದಪ್ಪ ತಂತಿಯನ್ನು ಮೀಟಿದೆ. ಮೇಲಿನಿಂದ ಕೋಳಿ ತಗಡು ಕುಕ್ಕಿದಂಥ ಸದ್ದು ಬಂತು. ಇನ್ನೊಮ್ಮೆ ಮೀಟಿದೆ, ಕೋಳಿ ಇನ್ನೊಮ್ಮೆ ಕುಕ್ಕಿತು. ಎದುರಿನ ಹೋಟೆಲಿನವರು ಹೊರಗೆ ಬಂದು ಯಾರ ಮನೆ ತಗಡಿನ ಕೆಲಸ ನಡೆದಿದೆ ಎಂದು ಕೇಳಿದರು. ಹಾರ್ನ್ ಮಾತನ್ನು ಮೈಲುಗಟ್ಟಲೆ ಎಸೆಯುತ್ತದೆ, ದಪ್ಪ ಸ್ವರವನ್ನು ಮಾತ್ರ ಗಂಟಲಿನಿಂದ ಕೆಳಗೇ ಇಳಿಸಿಕೊಳ್ಳುವುದಿಲ್ಲ. ಮೂವತ್ತು ವರ್ಷ ಹಾರ್ನ್ ಕಟ್ಟಿದ ಚಾಚಾರಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ನೆನಪಾಗಲಿಲ್ಲ.

ಮತ್ತೆ ಲಿಂಗಸುಗೂರಿಗೆ ಹೋದೆವು. ಟಾಕೀಸಿನ ಪರದೆಯ ಹಿಂದಿದ್ದ ಸ್ಪೀಕರ್ ಪೆಟ್ಟಿಗೆಯನ್ನು ಶಾಂತಪ್ಪ ಕೊಟ್ಟ. ಅದು ಎದೆಯೆತ್ತರದ್ದು, ನಾಲ್ಕು ಜನ ಹೊರಬೇಕು. ಬಸ್ಸಿನ ಮಾಳಿಗೆ ಮೇಲೆ ಏರಿಸಿದಾಗ ಕಂಡಕ್ಟರು, "ಇದರಾಗ ಯಾರರ ಕುಂತಾರೇನ್ರೀ?" ಎಂದು ಬಡಿದು ನೋಡಿದ. ಒಳಗಿನಿಂದ 'ಢುಂ' ಎಂದು ಬಂದ ಸದ್ದು ಕೇಳಿ ನನಗೆ ಆದ ಸಂತೋಷ ಅವನಿಗೆ ಅರ್ಥವಾಗಲಿಲ್ಲ.

ಬೀಳ್ಕೊಡುಗೆಯ ದಿನ ಬಂತು. ಶಾಲೆಯ ಅಂಗಳದಲ್ಲಿ ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ. ವೇದಿಕೆಯ ಬಲಕ್ಕೆ ದೊಡ್ಡ ಪೆಟ್ಟಿಗೆ, ಅದರ ಮೇಲೆ ಮಷೀನು, ಪಕ್ಕದಲ್ಲಿ ನಾನು. ಮುಂದೆಯೇ ಜಮಖಾನದ ಮೇಲೆ ಹೆಂಗಸರು, ಅವರ ನಡುವೆ ಅವ್ವ ಮತ್ತು ನಮ್ಮ ಓಣಿಯ ಈರಮ್ಮ. ಒಮ್ಮೆ ಚಾಲೂ ಮಾಡಿದ ಮೇಲೆ ಕಡೇತನಕ ಬಂದ್ ಮಾಡಬೇಡ ಎಂದು ಚಾಚಾ ಹೇಳಿದ್ದರಿಂದ ಮೂರಕ್ಕೇ ಸ್ವಿಚ್ ಹಾಕಿದ್ದೆ. ಮೊದಲು ಎರಡು ಹಾಡು, ಆಮೇಲೆ ಸನ್ಮಾನ, ಮತ್ತೆ ಹಾಡು ಎಂದು ಮಾಸ್ತರು ಬರೆದು ಕೊಟ್ಟಿದ್ದರು.

ಮೊದಲ ಎರಡು ಹಾಡಿಗೆ ಮಷೀನು ಬಂಗಾರದಂತೆ ನಡೆಯಿತು. ನನ್ನ ಒಂದೊಂದು ಸ್ವರವೂ ಹಲಗೆಯ ಮೂಲಕ ನನ್ನ ಅಂಗಾಲಿಗೆ ಮುಟ್ಟುತ್ತಿತ್ತು. ನಾನು ಹೆಮ್ಮೆಯಿಂದ ಅವ್ವನ ಕಡೆ ನೋಡಿದೆ. ಅವಳು ಈರಮ್ಮನ ಜೊತೆ ಶೇಂಗಾ ಸುಲಿಯುತ್ತ ಏನೋ ಮಾತಿನಲ್ಲಿದ್ದಳು. ಮಾಸ್ತರು ಕಣ್ಣು ಮುಚ್ಚಿ ಅಕಾರ್ಡಿಯನ್ ಎಳೆಯುತ್ತಿದ್ದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇಷ್ಟೆಲ್ಲ ಮಾಡಿದರೂ ಯಾರಿಗೂ ನಾನು ಕೇಳಿಸುತ್ತಿಲ್ಲ ಎಂದಮೇಲೆ ದೋಷ ಮಷೀನಿನದಲ್ಲ, ನನ್ನದೇ ಎಂದು ತೋರಿ ಬಹಳ ಬೇಜಾರಾಯಿತು. ಗಿಲಕಿಗಳು ವೇದಿಕೆಯ ಹಿಂದಿನ ಚೀಲದಲ್ಲಿ ಇರುವುದನ್ನು ನಾನು ನೋಡಿದ್ದೆ.

ಸನ್ಮಾನ ಶುರುವಾಯಿತು. ಹೆಡ್‌ಮಾಸ್ತರರು ಮೂವತ್ತು ವರ್ಷ ಕಲಿಸಿದವರು, ಊರಲ್ಲಿ ಅವರ ಕೈಯಿಂದ ಏಟು ತಿನ್ನದವರಿಲ್ಲ. ಹಳೇ ವಿದ್ಯಾರ್ಥಿಗಳು, ಲಾರಿಯವರು, ಕಿರಾಣಿಯವರು, ಪಂಚಾಯ್ತಿಯವರು, ಎಲ್ಲರೂ ಒಂದೊಂದು ಚೆಂಡುಹೂವಿನ ಹಾರ, ಒಂದೊಂದು ಶಾಲು ತಂದಿದ್ದರು. ಹಾರಗಳು ಕಿವಿ ಮುಟ್ಟಿದಾಗ ಅವರು ತೆಗೆದು ಪಕ್ಕಕ್ಕೆ ಚಾಚುತ್ತಿದ್ದರು. ಪಕ್ಕದಲ್ಲಿ ಇದ್ದದ್ದು ನಾನು. ಮಾನದಿಂದ ಹಾಕಿದ ಹಾರವನ್ನೂ ಶಾಲನ್ನೂ ನೆಲಕ್ಕೆ ಇಡುವಂತಿಲ್ಲ, ಅದು ನಮ್ಮ ಕಡೆ ಬಹಳ ದೊಡ್ಡ ತಪ್ಪು. ಕುರ್ಚಿಗಳಲ್ಲಿ ಗಣ್ಯರು ತುಂಬಿದ್ದರು, ಮೇಜಿನ ಮೇಲೆ ಬಾಳೆಹಣ್ಣು ತುಂಬಿತ್ತು. ನೆಲವಲ್ಲದ ಜಾಗ ಎಂದು ಇಡೀ ವೇದಿಕೆಯಲ್ಲಿ ಉಳಿದದ್ದು ನನ್ನ ಮಷೀನಿನ ನೆತ್ತಿ. ನಾನು ಶಾಲುಗಳನ್ನು ನೀಟಾಗಿ ಮಡಚಿ ಅದರ ಮೇಲಿಟ್ಟೆ, ಅವುಗಳ ಮೇಲೆ ಹಾರ ಒಟ್ಟಿದೆ. ಏಳು ಶಾಲು, ಹದಿಮೂರು ಹಾರ. ಒಂದು ಹಾರ ಜಾರಿದಾಗ ಮತ್ತೆ ಎತ್ತಿ, ಗಾಳಿಯಾಡುವ ತೂತುಗಳು ಪೂರ್ತಿ ಮುಚ್ಚುವ ಹಾಗೆ ಭದ್ರವಾಗಿ ಸಿಕ್ಕಿಸಿದ್ದು ಕೂಡ ನಾನೇ. ಆಮೇಲೆ ಒಂದು ತಾಸು ಭಾಷಣ ನಡೆಯಿತು.

ಭಾಷಣ ಮುಗಿದು ಹಾಡು ಮತ್ತೆ ಶುರುವಾಯಿತು. ಒಳ್ಳೇ ಓಟದ ಹಾಡು, ಹುಡುಗರು ಮುಂದೆ ಬಂದು ಕುಣಿಯತೊಡಗಿದರು. ಚರಣಕ್ಕೆ ಬಂದಾಗ ಹುರಿದ ಚೆಂಡುಹೂವಿನ ವಾಸನೆ ಬಂತು. ಎಲ್ಲೋ ಒಗ್ಗರಣೆ ಕೊಡುತ್ತಿದ್ದಾರೆ ಎಂದುಕೊಂಡು ನಾನು ನುಡಿಸುತ್ತಲೇ ಇದ್ದೆ. ಆಮೇಲೆ ನನ್ನ ಬೆರಳ ಕೆಳಗೆ ತಂತಿ ಇತ್ತು, ಸದ್ದು ಇರಲಿಲ್ಲ. ಎರಡು ಸಲ ಮೀಟಿ ನೋಡಿ ಕೈ ನಿಲ್ಲಿಸಿದೆ.

ಹಾಡುಗಾರ್ತಿ ಸಾಲಿನ ನಡುವೆ ತಡವರಿಸಿ ಹಿಂದೆ ತಿರುಗಿ ನೋಡಿದಳು. ಢೋಲಕ್‌ನವನು ನಾಲ್ಕು ಏಟು ಹಾಕಿದವನು ಲಯ ಸಿಗದೆ ಒದ್ದಾಡಿದ. ಕುಣಿಯುತ್ತಿದ್ದ ಹುಡುಗರು ಹೆಜ್ಜೆ ತಪ್ಪಿ ಒಬ್ಬರ ಮೇಲೊಬ್ಬರು ಬಿದ್ದರು. ಹೆಡ್‌ಮಾಸ್ತರರು ಕೂಡ ತಾಳ ಹಾಕುತ್ತಿದ್ದ ಕೈ ನಿಲ್ಲಿಸಿ ಏನಾಯಿತೆಂದು ಸುತ್ತ ನೋಡಿದರು. ಮಾಸ್ತರು ಕಣ್ಣು ತೆರೆದರು, ಕೈ ಎತ್ತಿ ಹಾಡು ನಿಲ್ಲಿಸಿದರು. ಅಷ್ಟೂ ಜನರ ಕಣ್ಣು ನನ್ನ ಮೇಲಿತ್ತು.

"ಏನಾತು?" ಎಂದರು ಮಾಸ್ತರು, ಧ್ವನಿ ಇಳಿಸಿ.

"ಮಷೀನ್ ಬಂದ್ ಆತ್ರೀ."

ನಾನು ಗಿಟಾರಿನ ಪಟ್ಟಿಯನ್ನು ಹೆಗಲಿನಿಂದ ಇಳಿಸತೊಡಗಿದೆ. ಮಾಸ್ತರು ನನ್ನನ್ನು ಬಿಟ್ಟು ಕೆಳಗೆ ನಿಂತ ಚಾಚಾರ ಕಡೆ ತಿರುಗಿದರು. "ಖಾಸೀಂಸಾಬ್ರ, ಅದು ಚಾಲೂ ಆಗೂತನ ಹಾಡು ಬ್ಯಾಡ. ಅದಿಲ್ದ ಹಾಡಿಗೆ ಬುಡಾನ ಇಲ್ದಂಗ ಆಗ್ತೈತಿ" ಎಂದರು. ಆಮೇಲೆ ಮಷೀನಿನ ಕಡೆ ನೋಡಿ, "ಅಂದಂಗ ಅದರ ಮ್ಯಾಲ ಹಾರ ಒಟ್ಟಿದ ಶಾಣ್ಯಾ ಯಾರು?" ಎಂದು ಕೇಳಿದರು. ನಾನೂ ಆ ಶಾಣ್ಯಾನನ್ನು ಹುಡುಕುವವನ ಹಾಗೆ ಸುತ್ತಮುತ್ತ ನೋಡಿದೆ.

ಚಾಚಾ ವೇದಿಕೆ ಹತ್ತಿ, ಹಾರ ಶಾಲುಗಳನ್ನೆಲ್ಲ ತೆಗೆದು ಗಣ್ಯರ ತೊಡೆಯ ಮೇಲೆ ಹಂಚಿ, ಮುಚ್ಚಳ ಬಿಚ್ಚಿದರು. "ಫ್ಯೂಸ್ ಅಷ್ಟ ಹೋಗೈತಿ. ಐದು ನಿಮಿಷ ಉಸಿರಾಡಲಿ" ಎಂದು ಗಾಳಿ ಹಾಕತೊಡಗಿದರು. ಅಂಗಳದಲ್ಲಿ ಗುಜುಗುಜು ಎದ್ದಿತು. ಈರಮ್ಮ ಸೆರಗು ಝಾಡಿಸಿಕೊಂಡು ಮೇಲೆದ್ದದ್ದನ್ನು ಕಂಡೆ.

"ಯಾಕಬೇ, ಮುಗೀತೇನು? ನಡೀ, ಹೋಗೂನು."

ಅವ್ವ ಅವಳ ಕೈ ಹಿಡಿದು ಎಳೆದು ಕೂರಿಸಿದಳು.

"ಮುಗದಿಲ್ಲ, ಕುಂದ್ರು. ಇಷ್ಟೊತ್ತನ ಎದ್ಯಾಗ ಢುಂ ಢುಂ ಅಂತಿತ್ತಲ್ಲ, ಅದು ನಿಂತೈತಿ. ನಾ ಢೋಲಿನಾವಂದು ಅಂತ ತಿಳಕೊಂಡಿದ್ದೆ. ಅವನ ಕೈ ಇನ್ನೂ ಆಡಾಕತ್ತಿತ್ತು, ಆದ್ರೂ ಅದು ಬರಲಿಲ್ಲ ನೋಡು. ಅದು ನಮ್ಮ ಶರಣಪ್ಪಂದು."

ಟಾರ್ಚು ಹಿಡಿ ಎಂದು ಖಾಸೀಂ ಚಾಚಾ ನನ್ನನ್ನು ಮೂರು ಸಲ ಕೂಗಿದರಂತೆ. ನನಗೆ ಕೇಳಿಸಲೇ ಇಲ್ಲ.